ಮೊಟ್ಟೆ ಒಡೆಯೋ ದಿನವೇ ಶಾಲೆ ಶುರು. ಯಾರಾದ್ರೂ ದಾರಿ ಹೇಳಿ

ಹಿತ್ತಲಬಾಗಿಲು · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದಿಕೊಂಡು ಹೋಗ್ತಿದ್ದೆ, ಇವತ್ತು ಬರೀಲೇಬೇಕಾಯ್ತು.

ನಮ್ಮ ಹಿತ್ತಲಲ್ಲಿ ನಾಲ್ಕು ಹೇಂಟೆ, ಒಂದು ಹುಂಜ. ಅದರಲ್ಲಿ ಕರಿ ಅನ್ನೋ ಹೇಂಟೆ ಕಾವಿಗೆ ಕೂತಿತ್ತು. ಎಬ್ಬಿಸಿದ್ರೂ ಏಳ್ತಿರಲಿಲ್ಲ, ಕೈ ಹಾಕಿದ್ರೆ ಪುಕ್ಕ ಉಬ್ಬಿಸಿಕೊಂಡು ಕುಟುಕೋದು. ಸರಿ, ಅದರ ಕೆಳಗೆ 8 ಮೊಟ್ಟೆ ಇಟ್ವಿ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನಮ್ಮ ಯಜಮಾನರು ಯಾರದ್ದೋ ಮನೇಲಿ ನೋಡ್ಕೊಂಡು ಬಂದು ಒಂದು ಚಿಕ್ಕ ಇನ್‌ಕ್ಯುಬೇಟರ್, ಅಂದ್ರೆ ಮೊಟ್ಟೆಗೆ ಕಾವು ಕೊಡೋ ಮೆಷಿನ್, ತಂದ್ರು. ಮಕ್ಕಳು ಕುಣಿದ್ವು. ಅದರಲ್ಲಿ 12 ಇಟ್ವಿ. ಎರಡೂ ಒಂದೇ ದಿನ, ಸೋಮವಾರ ಸಂಜೆ.

ಇವತ್ತಿಗೆ 12ನೇ ದಿನ. ಸಂಜೆ ದೊಡ್ಡವಳು ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಿಸಿ ಎಣಿಸಿ, "ಅಮ್ಮಾ, 21ನೇ ದಿನ ನಮಗೆ ಶಾಲೆ ಶುರು" ಅಂದಳು. ನನ್ನ ಕೈಲಿದ್ದ ಸೌಟು ಅಲ್ಲೇ ನಿಂತಿತು. ಅವಳು ಆರನೇ ಕ್ಲಾಸು, ಚಿಕ್ಕವನು ಎರಡನೇದು. ಇಬ್ಬರಿಗೂ ಇನ್ನೂ ಶೂ ಇಲ್ಲ, ಬ್ಯಾಗ್ ಇಲ್ಲ, ಒಂದು ಪೆನ್ಸಿಲ್ ಕೂಡ ತಂದಿಲ್ಲ. ಅಂಗಡಿ ಸುತ್ತೋದಕ್ಕೆ ಅಂತ ಮುಂದಿನ ಶನಿವಾರ ಇಡೀ ದಿನ ಇಟ್ಕೊಂಡಿದ್ದೆ. ಅದು 19ನೇ ದಿನ! ಆವತ್ತು ಮನೆ ಬಿಟ್ಟು ಹೋಗಬಹುದಾ? ಸೋಮವಾರ ಮಕ್ಕಳನ್ನ ಶಾಲೆಗೆ ಬಿಟ್ಟು ನಾನೂ ಕೆಲಸಕ್ಕೆ ಹೊರಡಬೇಕು, ಆಗ ಒಡೆದು ಬಂದ ಮರಿಗಳ ಗತಿ ಏನು?

---

ಕಾವುಗೂಡು

ಗಾಬರಿ ಬೇಡ ಅಕ್ಕ. ಕೋಳಿಯ ಲೆಕ್ಕದಷ್ಟು ಸುಲಭದ ಲೆಕ್ಕ ಇನ್ನೊಂದಿಲ್ಲ. 21 ದಿನ ಅಂದ್ರೆ ಸರಿಯಾಗಿ ಮೂರು ವಾರ, ಸೋಮವಾರ ಇಟ್ರೆ ಸೋಮವಾರವೇ ಒಡೀತವೆ. ಶಾಲೆ ಶುರುವಾಗೋ ಸೋಮವಾರ ನೋಡ್ಕೊಂಡು ಇಟ್ಟ ಹಾಗಿದೆ ನಿಮ್ಮದು.

18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರು ಸಲ ಮೊಟ್ಟೆ ಹೊರಳಿಸಬೇಕು. ನಿಮ್ಮ ಮೆಷಿನ್ ತಾನೇ ಹೊರಳಿಸುತ್ತಾ, ಕೈಯಿಂದ ಮಾಡ್ತಿದೀರಾ? ಕೈಯಿಂದ ಆದ್ರೆ ಮೂರು ಅಥವಾ ಐದು ಸಲ ಮಾಡಿ, ಎರಡು ನಾಲ್ಕು ಬೇಡ. ಬೆಸ ಸಂಖ್ಯೆ ಆದಾಗ ರಾತ್ರಿಯ ದೀರ್ಘ ಹೊತ್ತು ಪ್ರತಿ ದಿನ ಬೇರೆ ಬೇರೆ ಮಗ್ಗುಲಲ್ಲಿ ಕಳೆಯುತ್ತೆ. ಫ್ಯಾನ್ ಇರೋ ಮೆಷಿನ್ ಆದ್ರೆ ಶಾಖ 37.5 ಡಿಗ್ರಿ, ತೇವ 45ರಿಂದ 50 ಶೇಕಡಾ.

18ನೇ ದಿನ, ಅಂದ್ರೆ ನಿಮ್ಮ ಶುಕ್ರವಾರ, ಹೊರಳಿಸೋದು ನಿಲ್ಲಿಸಿ. ನೀರು ತುಂಬಿಸಿ ತೇವ 65–70ಕ್ಕೆ ಏರಿಸಿ, ಮುಚ್ಚಳ ಹಾಕಿ. ಕೋಳಿ ಸಾಕೋರು ಇದಕ್ಕೆ ಲಾಕ್‌ಡೌನ್ ಅಂತಾರೆ. ಆಮೇಲೆ ಮುಚ್ಚಳ ತೆಗೆಯೋ ಹಾಗೇ ಇಲ್ಲ. ಹಾಗಾಗಿ ನೀವು ಹೆದರಿಕೊಂಡಿರೋ 19ನೇ ದಿನವೇ ಮನೆ ಬಿಡೋಕೆ ಒಳ್ಳೇ ದಿನ, ಮನೇಲಿದ್ರೆ ಕೈ ಸುಮ್ಮನಿರಲ್ಲ!

---

ಮೂರುಚೀಲ

ಕೋಳಿ ವಿಷಯ ನನಗೆ ಗೊತ್ತಿಲ್ಲ, ಶಾಲೆ ವಿಷಯ ಗೊತ್ತು. ಮೂರು ಮಕ್ಕಳು, ವರ್ಷಾ ವರ್ಷಾ ಮೂರು ಬ್ಯಾಗು. ಶಾಲೆ ಶುರುವಾಗೋಕೆ ಎರಡು ದಿನ ಮುಂಚೆ, ಅದೂ ಶನಿವಾರ, ಅಂಗಡಿಗೆ ಹೋಗ್ತೀನಿ ಅಂತೀರಲ್ಲ, ಅಲ್ಲಿ ನಿಮ್ಮ ಮಗುವಿನ ಅಳತೆಯದ್ದೊಂದು ಬಿಟ್ಟು ಉಳಿದ ಎಲ್ಲ ಅಳತೆಯ ಶೂನೂ ಇರುತ್ತೆ. ನಾಳೆಯೇ ಹೋಗಿ. ಶೂ, ಬ್ಯಾಗು, ನೀರಿನ ಬಾಟಲಿ, ಊಟದ ಡಬ್ಬಿ ಇಷ್ಟು ಮುಗಿಸಿ. ಪುಸ್ತಕ ಪೆನ್ಸಿಲ್ಲು ಎಲ್ಲಿ ಬೇಕಾದ್ರೂ ಸಿಗುತ್ತೆ.

ಹೋಗೋ ಮುಂಚೆ ಮನೇಲಿರೋದನ್ನ ಒಂದು ಸಲ ನೆಲದ ಮೇಲೆ ಸುರೀರಿ. ಹೋದ ವರ್ಷ ನಮ್ಮನೇಲಿ ಸೋಫಾ ಸಂದಿಯಿಂದ 14 ರಬ್ಬರ್, 6 ಸ್ಕೇಲ್ ಬಂತು. ಕಂಪಾಸ್ ಬಾಕ್ಸ್ ಅಂತೂ ಎರಡು, ಮೂರನೇದು ತರೋಕೆ ಹೊರಟಿದ್ದೆ.

---

ಬಿಳಿಹುಂಜ

ಹೇಂಟೆ ಕಾವಿಗೆ ಕೂತಿರುವಾಗ ಮೆಷಿನ್ ಯಾಕೆ ಬೇಕಿತ್ತು?

---

ಹಿತ್ತಲಬಾಗಿಲು

@ಬಿಳಿಹುಂಜ, ಈ ಪ್ರಶ್ನೆ ನಮ್ಮ ಯಜಮಾನರನ್ನ ಕೇಳಬೇಕು ಸರ್. ನಾನೂ ಕೇಳಿದೆ. "ಕರಿ ಕೆಳಗಿರೋದು ಮಕ್ಕಳಿಗೆ ಕಾಣಲ್ಲ, ಇದರಲ್ಲಿ ಕಾಣುತ್ತೆ" ಅಂದ್ರು. ನಿಜ ಹೇಳಬೇಕಂದ್ರೆ ಅದರ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರೋದು ಅವರೇ.

@ಕಾವುಗೂಡು, ಮೆಷಿನ್ ಹೊರಳಿಸಲ್ಲ, ಕೈಯಿಂದ. ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಲ್ಲಿ ಗುಣಾಕಾರ, ಇನ್ನೊಂದು ಮಗ್ಗುಲಿಗೆ ಸೊನ್ನೆ ಹಾಕಿದೀವಿ. ಚಿಕ್ಕವನು ನಾಲ್ಕನೇ ಸಲಾನೂ ಹೊರಳಿಸ್ತಾನೆ, ಬೈದು ಐದನೇ ಸಲ ನಾನು ಹೊರಳಿಸಿ ಬೆಸ ಮಾಡ್ತೀನಿ.

@ಮೂರುಚೀಲ, ಶಾಲೆಯವರು ಇನ್ನೂ ಪಟ್ಟಿಯನ್ನೇ ಕೊಟ್ಟಿಲ್ಲ ಮೇಡಂ. ಗುರುವಾರ ಕಳಿಸ್ತೀವಿ ಅಂದಿದಾರೆ. ಸೋಮವಾರ ಶಾಲೆ, ಗುರುವಾರ ಪಟ್ಟಿ! ನೀವು ಹೇಳಿದ ಹಾಗೆ ಪಟ್ಟಿ ಬೇಡದಿರೋದನ್ನ ನಾಳೆಯೇ ಮುಗಿಸ್ತೀನಿ.

---

ಅಜ್ಜಿಮನೆ

ಮಗಳೇ, ನೀನು ಗೊತ್ತಿಲ್ಲದೆ ಒಳ್ಳೇ ಕೆಲಸ ಮಾಡಿದೀಯ. ಎರಡನ್ನೂ ಒಂದೇ ದಿನ ಇಟ್ಟಿದೀಯಲ್ಲ, ನಿನ್ನ ಸೋಮವಾರದ ಚಿಂತೆಗೆ ಅದೇ ಪರಿಹಾರ.

ಮೆಷಿನ್ನಲ್ಲಿ ಹುಟ್ಟಿದ ಮರಿ ಒಣಗಿ ಉಣ್ಣೆ ಉಂಡೆ ಥರ ಆದ ಮೇಲೆ, ಕತ್ತಲಾದ ಮೇಲೆ, ಒಂದೊಂದಾಗಿ ಕರಿಯ ರೆಕ್ಕೆ ಕೆಳಗೆ ತಳ್ಳಿಬಿಡು. ಲೈಟ್ ಹಾಕಬೇಡ, ಮಾತಾಡಬೇಡ. ಬೆಳಗ್ಗೆ ಎದ್ದು ನೋಡಿದ್ರೆ ಅದಕ್ಕೆ ಎಲ್ಲಾ ತನ್ನವೇ. ಕೋಳಿ ಎಣಿಸ್ತಾ ಕೂರಲ್ಲ, ಆದ್ರೆ ಕೂಗು ಗೊತ್ತಾಗುತ್ತೆ. ಮೊಟ್ಟೆ ಒಳಗಿಂದಲೇ ಮರಿ ಚಿಂವ್ ಅನ್ನುತ್ತೆ, ತಾಯಿ ಕೊಕ್ ಕೊಕ್ ಅಂತ ಉತ್ತರ ಕೊಡುತ್ತೆ. ಹುಟ್ಟೋ ಮುಂಚೆಯೇ ಇಬ್ಬರಿಗೂ ಪರಿಚಯ ಆಗಿರುತ್ತೆ. ಅದಕ್ಕೇ ಬೇರೆ ಮರಿ ಸೇರಿಸೋದಾದ್ರೆ ಮೊದಲ ಒಂದೆರಡು ದಿನದಲ್ಲೇ ಸೇರಿಸಬೇಕು. ತಡ ಮಾಡಿದ್ರೆ ಕುಟುಕಿ ಓಡಿಸುತ್ತೆ.

ಕರಿ ಒಪ್ಪಿಕೊಂಡ್ರೆ ನಿನಗೆ ದೀಪವೂ ಬೇಡ, ಮರಿ ಬೆಚ್ಚಗಿಡೋ ಬ್ರೂಡರ್ ಪೆಟ್ಟಿಗೆಯೂ ಬೇಡ. ಶಾಲೆಗೆ ಹೋಗು, ಕೆಲಸಕ್ಕೆ ಹೋಗು. ಅದು ನೋಡ್ಕೊಳ್ಳುತ್ತೆ.

---

ಕಾವುಗೂಡು

ಅಜ್ಜಿ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಇನ್ನೊಂದು ಧೈರ್ಯದ ಮಾತು ಸೇರಿಸ್ತೀನಿ. ಒಡೆಯೋಕೆ ಸ್ವಲ್ಪ ಮುಂಚೆ ಮರಿ ಉಳಿದ ಹಳದಿ ಭಾಗವನ್ನ ಹೊಟ್ಟೆಯೊಳಗೆ ಎಳ್ಕೊಂಡಿರುತ್ತೆ. ಅದರ ಬಲದ ಮೇಲೆ ಎರಡು ದಿನ ನೀರು ಆಹಾರ ಇಲ್ಲದೆಯೂ ತಡೀತದೆ. ಹುಟ್ಟಿದ ದಿನದ ಮರಿಗಳನ್ನ ಪೆಟ್ಟಿಗೇಲಿ ಹಾಕಿ ದೂರದೂರಕ್ಕೆ ಕಳಿಸೋದು ಇದರಿಂದಲೇ ಸಾಧ್ಯ ಆಗಿರೋದು. ಸೋಮವಾರ ಬೆಳಗ್ಗೆ ಒಡೆದ ಮರಿ ಸಂಜೆ ನೀವು ಬರೋವರೆಗೆ ಮೆಷಿನ್ನೊಳಗೇ ಬೆಚ್ಚಗೆ ಒಣಗ್ತಾ ಇರಲಿ.

---

ಗಣಿತದಮೇಷ್ಟ್ರು

ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಒಂದು ಲೆಕ್ಕ ಕೊಡ್ತೀನಿ, ಬೇಜಾರಿಲ್ಲ ತಾನೇ?

ಅಡುಗೆಮನೆಯ ತಕ್ಕಡಿಯಲ್ಲಿ ಮೊಟ್ಟೆ ತೂಗಿಸಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತು ಇರುತ್ತವೆ, ಅದರ ಮೂಲಕ ನೀರಿನಂಶ ದಿನಾ ಆವಿಯಾಗಿ ಹೋಗುತ್ತೆ. ಮೂರು ವಾರದಲ್ಲಿ ಸುಮಾರು 12ರಿಂದ 13 ಶೇಕಡಾ ತೂಕ ಇಳಿಯಬೇಕು. 58 ಗ್ರಾಂ ಇದ್ದ ಮೊಟ್ಟೆ ಏಳು ಗ್ರಾಂ ಕಳ್ಕೊಳ್ಳುತ್ತೆ. ಬಹಳ ಕಡಿಮೆ ಇಳಿದ್ರೆ ಒಳಗೆ ತೇವ ಜಾಸ್ತಿ ಅಂತ ಅರ್ಥ, ಮೆಷಿನ್ನಿನ ನೀರು ಕಮ್ಮಿ ಮಾಡಿ. ಬಹಳ ಇಳಿದ್ರೆ ನೀರು ಹೆಚ್ಚು ಮಾಡಿ. ಶೇಕಡಾವಾರು ಲೆಕ್ಕ ಆರನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಚೆನ್ನಾಗಿ ಕಲಿಸೋಕೆ ನನ್ನ ಕೈಲಾಗಿಲ್ಲ. ಮೂವತ್ತು ವರ್ಷ ಲಾಭ-ನಷ್ಟ ಹೇಳಿಯೇ ಕಲಿಸಿದೆ.

---

ಹೊಸಗೂಡು

ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಅಂಗಡಿಯಿಂದ ತಂದ ಮೊಟ್ಟೆ ಇಟ್ರೆ ಮರಿ ಆಗುತ್ತಾ? ನನ್ನ ಮಗ ಫ್ರಿಜ್ಜಿಂದ ಒಂದು ಎತ್ಕೊಂಡು ದಿಂಬಿನ ಕೆಳಗೆ ಇಟ್ಟಿದಾನೆ.

---

ಬಿಳಿಹುಂಜ

ಆಗಲ್ಲ. ಹುಂಜ ಇಲ್ಲದ ಕಡೆ ಇಟ್ಟ ಮೊಟ್ಟೆ ಅವು. ಅವನು ಮಲಗೋ ಮುಂಚೆ ತೆಗೀರಿ.

---

ಮೂರುಚೀಲ

@ಹಿತ್ತಲಬಾಗಿಲು, ಶೂ ಬಗ್ಗೆ ಹೇಳೋದು ಮರೆತೆ. ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಅದೇ ಸರಿಯಾದ ಅಳತೆ. ಎರಡೂ ಕಾಲಿಗೆ ಹಾಕಿ, ನಿಲ್ಲಿಸಿ, ಹೆಬ್ಬೆರಳ ಮುಂದೆ ಒಂದು ಸೆಂಟಿಮೀಟರ್ ಜಾಗ ಇದೆಯಾ ಒತ್ತಿ ನೋಡಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಅಳತೆ ದೊಡ್ಡದು ತರಬೇಡಿ. ನಾನು ತಂದು, ಮಗು ಓಟದ ಸ್ಪರ್ಧೇಲಿ ಒಂದು ಶೂ ಹಿಂದೆ ಬಿಟ್ಟು ಓಡಿದ್ದು ಇನ್ನೂ ಮನೇಲಿ ಕಥೆಯಾಗಿದೆ.

ಬ್ಯಾಗಿಗೆ ಎರಡೂ ಭುಜಕ್ಕೆ ಅಗಲವಾದ ಪಟ್ಟಿ ಇರಲಿ. ತುಂಬಿದ ಮೇಲೆ ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟಬಾರದು. ಹೇಗೂ ತಕ್ಕಡಿ ಈಚೆ ಬಂದಿದೆಯಲ್ಲ.

---

ಕಾವುಗೂಡು

ಹಳೇ ಶೂ ಎಸೀಬೇಡಿ. ಗೂಡಿನ ಬಾಗಿಲ ಪಕ್ಕ ಇಡಿ. ಕೋಳಿ ಹತ್ರ ಹೋಗೋಕೆ ಅದೇ, ಮನೆಯೊಳಕ್ಕೆ ಅದು ಬರಬಾರದು. ಹೊಸ ಶೂ ಹಾಕ್ಕೊಂಡು ಬೆಳಗ್ಗೆ "ಒಂದೇ ಒಂದು ಸಲ ನೋಡಿ ಬರ್ತೀನಿ" ಅಂತ ಹಿತ್ತಲಿಗೆ ಓಡೋ ಮಕ್ಕಳನ್ನ ನಾನು ನೋಡಿದೀನಿ, ಹಿಕ್ಕೆ ಮೆಟ್ಟಿಕೊಂಡು ಹಾಗೇ ಕ್ಲಾಸಿಗೆ ಹೋಗ್ತವೆ.

ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಲೇಬೇಕು. ಆರೋಗ್ಯವಾಗಿ ಕಾಣೋ ಮರೀಲೂ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ರೋಗಾಣು ಇರಬಹುದು. ಮುದ್ದಿಗೆ ಮೂತಿಗೆ ಮೂತಿ ತಾಗಿಸೋದು ಬೇಡ. ಐದು ವರ್ಷದೊಳಗಿನ ಮಕ್ಕಳಿದ್ರೆ ದೂರದಿಂದ ತೋರಿಸಿ ಸಾಕು.

---

ಹಿತ್ತಲಬಾಗಿಲು · ಸೋಮವಾರ, 14ನೇ ದಿನ

ವರದಿ ಒಪ್ಪಿಸ್ತಿದೀನಿ. ನಿನ್ನೆ ಸಂಜೆ ಅಂಗಡಿಗೆ ಹೋದ್ವಿ. ಶೂ ಆಯ್ತು. ಚಿಕ್ಕವನಿಗೆ ಬ್ಯಾಗಿನ ಮೇಲೆ ಕೋಳಿ ಚಿತ್ರವೇ ಬೇಕಂತೆ. ಕಾರು ಇದೆ, ರಾಕೆಟ್ ಇದೆ, ಹುಲಿ ಇದೆ, ಕೋಳಿ ಎಲ್ಲಿಂದ ತರೋಣ? ಅಂಗಡಿಯ ಹುಡುಗ ತುಂಬಾ ತಾಳ್ಮೆಯವನು, ಒಳಗೆಲ್ಲ ಹುಡುಕಿ ಕೊನೆಗೆ ಬಾತುಕೋಳಿ ಇರೋದೊಂದು ತಂದ. "ಇದು 28 ದಿನದ್ದು" ಅಂತ ಇವನು ಮುಖ ತಿರುಗಿಸಿದ. ಹುಲಿ ತಗೊಂಡು ಬಂದ್ವಿ.

ಇವತ್ತು ಕತ್ತಲೆ ಕೋಣೇಲಿ ಟಾರ್ಚ್ ಹಿಡಿದು ಮೊಟ್ಟೆ ನೋಡಿದ್ವಿ. 7ನೇ ದಿನ ನೋಡಿದಾಗ ಜೇಡರ ಬಲೆ ಥರ ಕೆಂಪು ನರ ಕಾಣ್ತಿತ್ತು. ಇವತ್ತು ಬಹುಪಾಲು ಕಪ್ಪಾಗಿದೆ, ಅಗಲವಾದ ತುದೀಲಿ ಗಾಳಿಯ ಜಾಗ ಮಾತ್ರ ಬೆಳ್ಳಗಿದೆ. ಒಂದರಲ್ಲಿ ಏನೋ ಒದ್ದ ಹಾಗಾಯ್ತು! ದೊಡ್ಡವಳು ಕೂಗಿದ್ದಕ್ಕೆ ಟಾರ್ಚ್ ಕೈ ಜಾರಿತು, ಪುಣ್ಯ, ಮೊಟ್ಟೆ ಜಾರಲಿಲ್ಲ.

ಆದ್ರೆ 12ರಲ್ಲಿ ಎರಡು ಇಟ್ಟಾಗ ಹೇಗಿತ್ತೋ ಹಾಗೇ ತಿಳಿಯಾಗಿವೆ. ಇನ್ನೊಂದರಲ್ಲಿ ಕೆಂಪು ಉಂಗುರ ಮಾತ್ರ ಇದೆ. ಇನ್ನೂ ಸ್ವಲ್ಪ ದಿನ ಕಾಯಲಾ?

---

ಕಾವುಗೂಡು

ಕಾಯಬೇಡಿ. ತಿಳಿಯಾಗಿರೋವು ಬರಡು, ಫಲ ಕಟ್ಟಿಲ್ಲ. ಉಂಗುರ ಇರೋದು ಮೊದಲ ವಾರದಲ್ಲೇ ಸತ್ತಿದೆ. ಮೂರನ್ನೂ ಇವತ್ತೇ ತೆಗೀರಿ. ಆ ಶಾಖದಲ್ಲಿ ಕೊಳೆತು ಒಳಗೇ ಸಿಡಿದ್ರೆ ಉಳಿದ ಮೊಟ್ಟೆಗೂ ಸೋಂಕು, ನಾತ ಅಂತೂ ಹೇಳತೀರದು. ಶಾಲೆಯ ಹೊಸ ಯೂನಿಫಾರ್ಮ್ ಅದೇ ಕೋಣೇಲಿ ನೇತುಹಾಕಿದ್ರೆ ಮುಗೀತು ಕಥೆ.

---

ಹಿತ್ತಲಬಾಗಿಲು

ಅಯ್ಯೋ, ಅದೇ ಕೋಣೇಲಿ ನೇತುಹಾಕಿದೀನಿ. ಈಗಲೇ ತೆಗೀತೀನಿ, ಮೊಟ್ಟೇನೂ, ಯೂನಿಫಾರ್ಮೂ.

---

ಹೊಸಗೂಡು

ಕರೆಂಟ್ ಹೋದ್ರೆ ಏನು ಮಾಡ್ತೀರಿ? ಅದಕ್ಕೆ ಹೆದರಿ ನಾನಿನ್ನೂ ಮೆಷಿನ್ ತಂದಿಲ್ಲ.

---

ಕಾವುಗೂಡು

ಮೆಷಿನ್ ಮೇಲೆ ದಪ್ಪ ಕಂಬಳಿ ಹೊದೆಸಿ, ಗಾಳಿ ತೂತು ಮಾತ್ರ ಬಿಡಿ. ಮುಚ್ಚಳ ತೆಗೀಬೇಡಿ. ಒಂದೆರಡು ಗಂಟೆಗೆ ಏನೂ ಆಗಲ್ಲ. ಹೇಂಟೆಯೂ ದಿನಕ್ಕೊಂದು ಸಲ ತಿನ್ನೋಕೆ, ನೀರು ಕುಡಿಯೋಕೆ, ಮಣ್ಣಲ್ಲಿ ಹೊರಳಾಡೋಕೆ ಅಂತ ಎದ್ದು ಹೋಗುತ್ತೆ, ಮೊಟ್ಟೆ ಅಷ್ಟು ಹೊತ್ತು ತಣ್ಣಗಾಗಿಯೇ ಇರುತ್ತೆ. ಮರಿಗೆ ಹೆಚ್ಚು ಅಪಾಯ ಇರೋದು ಶಾಖ ಏರಿದಾಗ. ಇಳಿದ್ರೆ ಅರ್ಧ ದಿನ ತಡವಾಗಿ ಒಡೆಯಬಹುದು, ಒಂದೆರಡು ಡಿಗ್ರಿ ಏರಿ ಹಾಗೇ ಉಳಿದ್ರೆ ಸಾಯುತ್ತೆ. ಹಾಗಾಗಿ ಕಿಟಕಿಯ ಬಿಸಿಲು ಬೀಳೋ ಕಡೆ ಮೆಷಿನ್ ಇಡಲೇಬೇಡಿ.

---

ಹಿತ್ತಲಬಾಗಿಲು · ಶುಕ್ರವಾರ, 18ನೇ ದಿನ

ಲಾಕ್‌ಡೌನ್ ಮಾಡಿದೆ. ನೀರು ತುಂಬಿಸಿದೆ, 67 ತೋರಿಸ್ತಿದೆ. ಮುಚ್ಚಳದ ಮೇಲೆ ದೊಡ್ಡವಳು ಸ್ಕೆಚ್ ಪೆನ್ನಲ್ಲಿ "ಅಪ್ಪ, ತೆಗೀಬೇಡ" ಅಂತ ಬರೆದು ಅಂಟಿಸಿದಾಳೆ. ಮೇಷ್ಟ್ರೇ, ತೂಕದ ಪುಟ ತುಂಬಿದೆ. ಇಟ್ಟ ದಿನ 58 ಇದ್ದದ್ದು ಇವತ್ತು 51. "ಶೇಕಡಾ 12 ಚಿಲ್ಲರೆ" ಅಂತ ಅವಳೇ ಮಾಡಿದಳು, ನಾನು ಕ್ಯಾಲ್ಕುಲೇಟರಲ್ಲಿ ನೋಡಿ ಸರಿ ಅಂದೆ.

ಶಾಲೆಯ ಪಟ್ಟಿ ಗುರುವಾರ ಅಲ್ಲ, ಇವತ್ತು ಮಧ್ಯಾಹ್ನ ಬಂತು. ಇಬ್ಬರಿಗೂ ಸೇರಿ 19 ನೋಟ್‌ಬುಕ್ಕು. ಒಂದು ಗೆರೆಯದ್ದು, ಎರಡು ಗೆರೆಯದ್ದು, ನಾಲ್ಕು ಗೆರೆಯದ್ದು, ಚೌಕದ್ದು, ಗೆರೆಯೇ ಇಲ್ಲದ್ದು. ಎಲ್ಲಕ್ಕೂ ಕಂದು ಬಣ್ಣದ ಕಾಗದದ ಹೊದಿಕೆ, ಲೇಬಲ್ಲು. ಎಲ್ಲಾ ಸೋಮವಾರವೇ ಬೇಕು. ಈ ಪಟ್ಟಿ ಬರೆದವರ ಮನೇಲಿ ಮಕ್ಕಳಿಲ್ವಾ, ಭಾನುವಾರಾನೂ ಇಲ್ವಾ?

---

ಮೂರುಚೀಲ

ನಾಲ್ಕು ಗೆರೆಯದ್ದು ಮೊದಲು ಖಾಲಿಯಾಗುತ್ತೆ, ಅದನ್ನ ಮೊದಲು ಹಿಡೀರಿ. ಕಾಗದ ಬಿಡಿ ಹಾಳೆ ಬೇಡ, ಸುರುಳಿ ತಗೊಳ್ಳಿ. ಟೇಪ್ ಎರಡು. ಒಂದು ಖಂಡಿತ ಕಳೆದುಹೋಗುತ್ತೆ.

---

ಹಿತ್ತಲಬಾಗಿಲು · ಭಾನುವಾರ ರಾತ್ರಿ 9:40

ತೂತು ಬಿತ್ತು!!

ಎಲ್ಲರೂ ನೆಲದ ಮೇಲೆ ಕೂತು ಬುಕ್ಕಿಗೆ ಹೊದಿಕೆ ಹಾಕ್ತಿದ್ವಿ. 11ನೇ ಬುಕ್ಕು ಮಡಚುವಾಗ ಚಿಂವ್ ಅಂತ ಕೇಳಿಸ್ತು. ಟಿವಿ ಅಂದ್ಕೊಂಡ್ವಿ, ಟಿವಿ ಹಾಕಿರಲಿಲ್ಲ. ಮೂರನೇ ಮೊಟ್ಟೇಲಿ ಸಾಸಿವೆಯಷ್ಟು ಚಿಪ್ಪು ಎದ್ದಿದೆ, ಒಳಗೆ ಕೊಕ್ಕಿನ ತುದಿ ಆಡ್ತಿದೆ. ಆ ತುದೀಲಿ ಬಿಳೀ ಚುಕ್ಕೆ ಥರದ್ದೊಂದು ಇದೆ.

---

ಕಾವುಗೂಡು

ಅದೇ ಮೊಟ್ಟೆ ಹಲ್ಲು. ಚಿಪ್ಪು ಒಡೆಯೋಕೆ ಅಂತಲೇ ಇರೋದು, ಕೆಲವು ದಿನದಲ್ಲಿ ಉದುರಿಹೋಗುತ್ತೆ. ಈಗ ಎಲ್ಲರೂ ಮಲಗಿ. ತೂತು ಬಿದ್ದ ಮೇಲೂ ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು.

---

ಹಿತ್ತಲಬಾಗಿಲು · ರಾತ್ರಿ 1:15

ಮೂರೂವರೆ ಗಂಟೆ ಕಳೀತು, ಅದೇ ತೂತು, ಒಂದು ಚೂರೂ ಮುಂದೆ ಹೋಗಿಲ್ಲ. ಸುಸ್ತಾಗಿರಬೇಕು ಪಾಪ. ಒಂಚೂರು ಚಿಪ್ಪು ಬಿಡಿಸಲಾ?

---

ಅಜ್ಜಿಮನೆ

ಬೇಡ ಮಗಳೇ, ಕೈ ಮಡಚಿ ಕೂತ್ಕೋ. ಅದು ಸುಸ್ತಾಗಿಲ್ಲ, ಉಸಿರು ಕಲೀತಿದೆ. ಚಿಪ್ಪಿನ ಒಳಪೊರೇಲಿ ಇನ್ನೂ ರಕ್ತ ಹರೀತಿರುತ್ತೆ, ಅದನ್ನೆಲ್ಲ ಮೈಯೊಳಕ್ಕೆ ಎಳ್ಕೊಳ್ಳೋಕೆ ಹೊತ್ತು ಬೇಕು. ನೀನು ಬಿಡಿಸಿದ್ರೆ ರಕ್ತ ಸೋರುತ್ತೆ. ಮುಚ್ಚಳ ತೆಗೆದ್ರೆ ತೇವ ಹೋಗಿ ಪೊರೆ ಒಣಗಿ, ಉಳಿದ ಮರಿಗಳ ಮೈಗೂ ಅಂಟಿಕೊಳ್ಳುತ್ತೆ. ನಾನೂ ಅವಸರ ಮಾಡಿ ಒಂದನ್ನ ಕಳ್ಕೊಂಡವಳು. ಎಚ್ಚರ ಇರೋದಾದ್ರೆ ಉಳಿದ 8 ಬುಕ್ಕಿಗೆ ಹೊದಿಕೆ ಹಾಕು.

---

ಹಿತ್ತಲಬಾಗಿಲು · ಸೋಮವಾರ ರಾತ್ರಿ

ಬೆಳಗ್ಗೆ 6:20ಕ್ಕೆ ಮೊದಲ ಮರಿ. ಚಿಪ್ಪಿನ ಸುತ್ತ ಗೆರೆ ಕೊಯ್ದ ಹಾಗೆ ತಿರುಗ್ತಾ ತಿರುಗ್ತಾ ಬಂದು, ಕೊನೆಗೆ ಒಂದೇ ಒದೆಗೆ ಟೋಪಿ ತೆಗೆದಂತೆ ಹಾರಿಸಿತು. ಒದ್ದೆ, ಕಪ್ಪು, ನೋಡೋಕೆ ಚೆಂದವೇನಿಲ್ಲ. ಚಿಕ್ಕವನು ಒಂದು ಕಾಲಿಗೆ ಸಾಕ್ಸ್ ಹಾಕ್ಕೊಂಡು ಇನ್ನೊಂದು ಕೈಲಿ ಹಿಡ್ಕೊಂಡು ನೋಡ್ತಾ ಕೂತ. ಇಬ್ಬರನ್ನೂ ಎಳ್ಕೊಂಡು ಹೋಗಿ ಬಿಟ್ಟು ಬಂದೆ. ಮೊದಲ ದಿನ ಅಳದೇ ಹೋದ ಮಗು ಇವನೊಬ್ಬನೇ ಇರಬೇಕು, ಯಾಕಂದ್ರೆ ಟೀಚರಿಗೆ ಹೇಳೋಕೆ ಸುದ್ದಿ ಇತ್ತು.

ಸಂಜೆ ಬರೋಷ್ಟರಲ್ಲಿ ಮೆಷಿನ್ನಲ್ಲಿ ಆರು. ಕರಿ ಕೆಳಗೆ ಏಳು, ಒಂದು ಮೊಟ್ಟೆ ಹಾಗೇ ಉಳಿದಿದೆ. ಕತ್ತಲಾದ ಮೇಲೆ ಅಜ್ಜಿ ಹೇಳಿದ ಹಾಗೆ ಆರನ್ನೂ ಒಂದೊಂದಾಗಿ ತಳ್ಳಿದೆ. ಕರಿ ಒಮ್ಮೆ ಗೊರ್ ಅಂತು, ಆಮೇಲೆ ರೆಕ್ಕೆ ಸ್ವಲ್ಪ ಎತ್ತಿ ಜಾಗ ಕೊಡ್ತು. ಕೈಗೆ ಅದರ ಹೊಟ್ಟೆಯ ಚರ್ಮ ತಾಗಿತು, ಎಷ್ಟು ಬಿಸಿ! ಅಲ್ಲಿ ಪುಕ್ಕವೇ ಇಲ್ಲ.

ಮೆಷಿನ್ನಲ್ಲಿ ಇನ್ನೂ ಮೂರು ಇವೆ, ಒಂದರಲ್ಲಿ ತೂತು ಕಾಣ್ತಿದೆ.

---

ಕಾವುಗೂಡು

ಆ ಬೋಳು ಜಾಗವೇ ಕಾವಿನ ಒಲೆ. ಕಾವಿಗೆ ಕೂರೋ ಹೊತ್ತಿಗೆ ಅಲ್ಲಿನ ಪುಕ್ಕ ಉದುರಿ ಮೈಯ ಬಿಸಿ ನೇರ ಮೊಟ್ಟೆಗೆ ತಾಗುತ್ತೆ. ನಾಳೆಯಿಂದ ಕರಿಗೂ ಮರಿಗಳ ಆಹಾರವನ್ನೇ ಕೊಡಿ, ಪ್ರೋಟೀನ್ 20 ಶೇಕಡಾ ಇರೋ ಸ್ಟಾರ್ಟರ್. ಮೊಟ್ಟೆ ಇಡೋ ಕೋಳಿಯ ಆಹಾರದಲ್ಲಿ ಸುಣ್ಣದಂಶ ಜಾಸ್ತಿ, ಮರಿ ತಿಂದ್ರೆ ಕಿಡ್ನಿಗೆ ಏಟು. ಕರಿ ಈಗ ಮೊಟ್ಟೆ ಇಡ್ತಿಲ್ಲ, ಅದಕ್ಕೂ ಇದು ಸಾಕು. ನೀರಿನ ತಟ್ಟೆ ಆಳ ಇರಬಾರದು, ಒಳಗೆ ನಾಲ್ಕು ಬೆಣಚುಕಲ್ಲು ಹಾಕಿ. ಒಂದು ಬೆರಳು ನೀರಲ್ಲೂ ಮರಿ ಮುಳುಗಿ ಸಾಯುತ್ತೆ.

---

ಹಿತ್ತಲಬಾಗಿಲು · ಗುರುವಾರ

ಸಹಾಯ ಬೇಕು. ಮಂಗಳವಾರ ಮಧ್ಯಾಹ್ನ ಏಳನೇದು ಒಡೀತು. ಉಳಿದೆರಡು ಒಡೀಲೇ ಇಲ್ಲ. ಈ ಏಳನೇದು ಸ್ವಲ್ಪ ಸೊರಗಿದೆ, ಕರಿ ಕೆಳಗೆ ತುಳಿತಕ್ಕೆ ಸಿಕ್ಕೀತು ಅಂತ ಹೊಸ ಶೂ ಬಂದ ಡಬ್ಬೀಲಿ, ಬಲ್ಬಿನ ಕೆಳಗೆ ಇಟ್ಟೆ. ಇವತ್ತು ನೋಡಿದ್ರೆ ಎರಡೂ ಕಾಲು ಪಕ್ಕಕ್ಕೆ ಚಾಚಿಕೊಂಡು ಹೊಟ್ಟೆ ಮೇಲೆ ಬಿದ್ದಿದೆ. ಏಳೋಕೆ ನೋಡುತ್ತೆ, ಜಾರುತ್ತೆ. ಹುಟ್ಟು ದೋಷವಾ?

---

ಕಾವುಗೂಡು

ಡಬ್ಬಿಯ ತಳಕ್ಕೆ ಏನು ಹಾಸಿದೀರಿ?

---

ಹಿತ್ತಲಬಾಗಿಲು

ಬುಕ್ಕಿಗೆ ಹಾಕಿ ಉಳಿದ ಕಂದು ಕಾಗದ. ಹೊಳೆಯೋ ಮುಖ ಮೇಲೆ ಮಾಡಿ. ಒರೆಸೋಕೆ ಸುಲಭ ಅಂತ…

---

ಕಾವುಗೂಡು

ಅಲ್ಲೇ ಇರೋದು. ನುಣುಪು ನೆಲ ಅಕ್ಕ. ಹುಟ್ಟಿದ ಮರಿಯ ಮೂಳೆ, ಕೀಲು ಇನ್ನೂ ಎಳೆಯದು, ಹಿಡಿತ ಸಿಗದೆ ಕಾಲು ಜಾರಿ ಜಾರಿ ಹಾಗೇ ಕೂತುಬಿಡುತ್ತೆ. ನುಣುಪು ಪೇಪರ್ ಹಾಸಿದವರಿಗೆಲ್ಲ ಆಗೋದೇ ಇದು, ನನಗೂ ಆಗಿದೆ. ಎರಡನೇ ದಿನವೇ ನೋಡಿದ್ರಲ್ಲ, ಸರಿಹೋಗುತ್ತೆ.

ಕಾಗದ ತೆಗೆದು ಒರಟು ಬಟ್ಟೆ ಹಾಸಿ, ಹಳೇ ಟವೆಲ್ ಆಗುತ್ತೆ, ದಾರ ಎದ್ದಿರಬಾರದು. ಗಾಯಕ್ಕೆ ಹಚ್ಚೋ ಪ್ಲಾಸ್ಟರನ್ನ ಉದ್ದಕ್ಕೆ ಸಣ್ಣಗೆ ಕತ್ತರಿಸಿ. ಒಂದು ತುದಿ ಒಂದು ಕಾಲಿಗೆ, ಇನ್ನೊಂದು ತುದಿ ಮತ್ತೊಂದಕ್ಕೆ, ಮಂಡಿಗಿಂತ ಕೆಳಗೆ ಸುತ್ತಿ. ಹತ್ತಿ ಇರೋ ಭಾಗ ಎರಡು ಕಾಲಿನ ಮಧ್ಯ ಬರಲಿ. ಮಧ್ಯದ ಅಂತರ ಮರಿ ಸಹಜವಾಗಿ ನಿಂತಾಗ ಎಷ್ಟಿರುತ್ತೋ ಅಷ್ಟು, ಸುಮಾರು ಎರಡೂವರೆ ಸೆಂಟಿಮೀಟರ್. ಬಿಗಿ ಮಾಡಬೇಡಿ. ಒಬ್ಬರು ಹಿಡ್ಕೋಬೇಕು, ಒಬ್ಬರು ಸುತ್ತಬೇಕು. ಮೊದಲು ಬೀಳುತ್ತೆ, ಅರ್ಧ ಗಂಟೇಲಿ ಪಳಗುತ್ತೆ. ದಿನಾ ಬಿಚ್ಚಿ ನೋಡಿ, ಎರಡು ಮೂರು ದಿನ ಸಾಕು.

---

ಅಜ್ಜಿಮನೆ

ಒಂಟಿ ಮರಿ ಕೂಗಿ ಕೂಗಿ ಸೋಲುತ್ತೆ. ಕರಿ ಹತ್ರದಿಂದ ಒಂದನ್ನ ತಂದು ಜೊತೆಗೆ ಬಿಡು. ತೀರಾ ಚುರುಕಾದದ್ದು ಬೇಡ. ವಾಸಿ ಆದ ಮೇಲೆ ರಾತ್ರಿ ಎರಡನ್ನೂ ಒಟ್ಟಿಗೇ ಕರಿ ಕೆಳಗೆ ಬಿಡು, ಆದ್ರೆ ಬೆಳಕು ಹರಿಯೋ ಮುಂಚೆ ನೀನು ಅಲ್ಲಿರಬೇಕು. ಇಷ್ಟು ದಿನ ಆದ ಮೇಲೆ ಒಪ್ಪಿಕೊಂಡೇ ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಕುಟುಕಿದ್ರೆ ತಕ್ಷಣ ಎತ್ಕೊ.

---

ಬಿಳಿಹುಂಜ

ಒಟ್ಟು 14 ಮರಿ. ಸುಮಾರು ಅರ್ಧ ಹುಂಜ ಆಗ್ತವೆ. ಅವನ್ನ ಏನು ಮಾಡ್ತೀರಿ ಅಂತ ಈಗಲೇ ಮಕ್ಕಳ ಜೊತೆ ಮಾತಾಡಿ. ಆರರಿಂದ ಎಂಟು ವಾರಕ್ಕೆ ಜುಟ್ಟು ಕೆಂಪಾಗಿ ಗೊತ್ತಾಗೋಕೆ ಶುರು. ಆಮೇಲೆ ಹೇಳಿದ್ರೆ ಕಷ್ಟ.

---

ಹಿತ್ತಲಬಾಗಿಲು

@ಬಿಳಿಹುಂಜ, ಈ ಮಾತು ಬರುತ್ತೆ ಅಂತ ಗೊತ್ತಿತ್ತು ಸರ್. ನಿನ್ನೆ ರಾತ್ರಿ ಹೇಳಿದೆ. "ಎಲ್ಲಾ ಹುಂಜ ಇಟ್ಕೊಳ್ಳೋಕೆ ಆಗಲ್ಲ, ಜಗಳ ಆಡ್ತವೆ, ಹೇಂಟೆಗಳ ಬೆನ್ನ ಪುಕ್ಕ ಕೀಳ್ತವೆ, ಒಂದು ಉಳಿಸ್ಕೊಂಡು ಮಿಕ್ಕಿದ್ದು ಕೊಟ್ಟುಬಿಡ್ತೀವಿ" ಅಂದೆ. ದೊಡ್ಡವಳು ಸುಮ್ಮನೆ ತಲೆ ಆಡಿಸಿದಳು, ಅವಳಿಗೆ ಅರ್ಥ ಆಯ್ತು. ಚಿಕ್ಕವನು "ಯಾರಿಗೆ ಕೊಡ್ತೀಯ, ಅವರು ಏನು ಮಾಡ್ತಾರೆ" ಅಂತ ಕೇಳಿದ. ತಿನ್ನಲೂಬಹುದು ಅಂತ ನಿಜವನ್ನೇ ಹೇಳಿದೆ. ಊಟ ಬಿಟ್ಟು ಎದ್ದು ಹೋದ. ಇವತ್ತು ಬೆಳಗ್ಗೆ ಮಾತಾಡ್ದ, ಆದ್ರೆ ಆ ವಿಷಯ ಅಲ್ಲ.

---

ಗಣಿತದಮೇಷ್ಟ್ರು

ಸುಳ್ಳು ಹೇಳದೇ ಇದ್ದದ್ದು ಒಳ್ಳೇದಾಯ್ತು. ನಾವು ಚಿಕ್ಕವರಿದ್ದಾಗ "ಹುಂಜ ಓಡಿಹೋಯ್ತು" ಅನ್ನೋರು. ಪ್ರತಿ ಸಲ ಅತಿಥಿಗಳು ಬಂದ ದಿನವೇ ಅದು ಹೇಗೆ ಓಡಿಹೋಗುತ್ತೆ ಅಂತ ಲೆಕ್ಕ ಹಾಕಿಯೇ ನಾನು ಗಣಿತದವನಾದದ್ದು.

---

ಹಿತ್ತಲಬಾಗಿಲು · ಭಾನುವಾರ

ಪ್ಲಾಸ್ಟರ್ ನಿನ್ನೆ ಸಂಜೆ ಬಿಚ್ಚಿದೆ. ನಡೀತಿದೆ! ಎಡಗಾಲು ಒಂಚೂರು ಹೊರಗೆ ಬೀಸುತ್ತೆ, ಆದ್ರೆ ಓಡುತ್ತೆ. ರಾತ್ರಿ ಜೊತೆಯ ಮರಿ ಸಮೇತ ಕರಿ ಕೆಳಗೆ ಬಿಟ್ಟೆ. ಐದು ಗಂಟೆಗೇ ಎದ್ದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ, ಮಗಳ ಹಳೇ ಶೂ ಹಿಮ್ಮಡಿ ತುಳ್ಕೊಂಡು. ಬೆಳಕಾದಾಗ ಕರಿ ಎದ್ದು ಕೊಕ್ ಕೊಕ್ ಅಂತ ಕೆದಕೋಕೆ ಶುರು ಮಾಡ್ತು. ಇದು ಹಿಂದೆ ಹಿಂದೆ ಓಡಿತು, ಕರಿ ಒಮ್ಮೆ ತಿರುಗಿ ನೋಡ್ತು. ನನ್ನ ಉಸಿರು ನಿಂತಿತು. ಕೊಕ್ಕಲ್ಲಿದ್ದ ಹುಳು ಅದರ ಮುಂದೆ ಹಾಕಿ ಮತ್ತೆ ಕೆದಕ್ತು.

ಮರಿಗೆ ಚಿಕ್ಕವನು 'ಪಟ್ಟಿ' ಅಂತ ಹೆಸರಿಟ್ಟಿದಾನೆ, ಕಾಲಿಗೆ ಪಟ್ಟಿ ಕಟ್ಟಿದ್ದಕ್ಕೆ. ಮನೇಲಿ ಯಾರಾದ್ರೂ "ಪಟ್ಟಿ ಎಲ್ಲಿ" ಅಂದ್ರೆ ನಾನಿನ್ನೂ ಶಾಲೆಯದ್ದು ಅಂದ್ಕೊಂಡು ಬ್ಯಾಗ್ ತಡಕಾಡ್ತೀನಿ. ಉಳಿದ ಲೇಬಲ್ಲುಗಳಲ್ಲಿ ಒಂದನ್ನ ಅವನೇ ತುಂಬಿಸಿ ಗೂಡಿನ ಬಾಗಿಲಿಗೆ ಅಂಟಿಸಿದಾನೆ. ಹೆಸರು: ಪಟ್ಟಿ. ತರಗತಿ: 2. ವಿಷಯ: ಕೋಳಿ. ಕೆಳಗೆ, ಲೇಬಲ್ಲಿನಲ್ಲಿ ಜಾಗವೇ ಇಲ್ಲದ ಕಡೆ, ಪೆನ್ಸಿಲಲ್ಲಿ ಸಣ್ಣಗೆ: ಹುಂಜ ಆದ್ರೂ ಕೊಡಲ್ಲ.